ಉಸಿರು ಬಿಟ್ಟು ಹಿಡಿಯಿರಿ

ಹೃದಯಾಘಾತವಾಗಿ ಮೂರು ವಾರ ಕಳೆದಿದ್ದ ಯಜಮಾನರೊಬ್ಬರನ್ನು ಎಂಆರ್‌ಐಗೆ ಕಳಿಸಿದ್ದರು. ಎಕೋ ಸ್ಕ್ಯಾನಿನಲ್ಲಿ ಹೃದಯದ ಮುಂಭಾಗದ ಗೋಡೆ ಅಲುಗುತ್ತಲೇ ಇರಲಿಲ್ಲ. ಅಲ್ಲಿನ ಸ್ನಾಯು ಸತ್ತೇ ಹೋಗಿದೆಯೋ, ಜೀವವಿದ್ದೂ ಸೊರಗಿದೆಯೋ? ಬ್ಲಾಕ್ ತೆಗೆಯುವ ತೀರ್ಮಾನ ಅದರ ಮೇಲೆ ನಿಂತಿತ್ತು.

"ಹಿಂದೆ ಎದೇಲಿ ಸ್ಪ್ರಿಂಗ್ ಹಾಕವ್ರೆ ತಾಯಿ, ಮಿಷಿನ್ನು ಎಳ್ಕೊಳಲ್ವಾ?" ಅಂದರು. ಸ್ಟೆಂಟಿನ ಕಾಗದ ನೋಡಿ, ಭಯವಿಲ್ಲ ಎಂದು ಹೇಳಿದೆ. ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ಸರಿಯಿತ್ತು; ಕಿಡ್ನಿ ಸೋತವರಿಗೆ ಗ್ಯಾಡೋಲಿನಿಯಂ, ಅಂದರೆ ಚಿತ್ರದಲ್ಲಿ ವ್ಯತ್ಯಾಸ ಎದ್ದು ಕಾಣಲು ರಕ್ತನಾಳಕ್ಕೆ ಚುಚ್ಚುವ ಔಷಧ, ಕೊಡುವ ಮುಂಚೆ ಎರಡು ಸಲ ಯೋಚಿಸಬೇಕು.

ಒಳಗೆ ಮಲಗಿಸುವ ಮುಂಚೆ ಹೊಟ್ಟೆಯ ಮೇಲೆ ಕೈಯಿಟ್ಟು ಅಭ್ಯಾಸ ಮಾಡಿಸುತ್ತೇನೆ: "ಉಸಿರು ಎಳ್ಕೊಳ್ಳಿ, ಪೂರ್ತಿ ಬಿಡಿ, ಹಾಗೇ ಹಿಡೀರಿ." ಎಳೆದು ಹಿಡಿದರೆ ವಪೆ, ಅಂದರೆ ಹೃದಯದ ಕೆಳಗಿರುವ ಉಸಿರಾಟದ ಸ್ನಾಯು, ಪ್ರತಿಸಲ ಬೇರೆ ಮಟ್ಟದಲ್ಲಿ ನಿಲ್ಲುತ್ತದೆ, ಬಿಟ್ಟು ಹಿಡಿದರೆ ಹೆಚ್ಚುಕಮ್ಮಿ ಒಂದೇ ಕಡೆ. ಹತ್ತು ಹನ್ನೆರಡು ಸೆಕೆಂಡು ಸಾಕು. ಈ ಅಭ್ಯಾಸದ ಐದು ನಿಮಿಷ ಉಳಿಸಲು ಹೋದರೆ ಸ್ಕ್ಯಾನೇ ಹಾಳು.

ಗ್ಯಾಡೋಲಿನಿಯಂ ಕೊಟ್ಟು ಹತ್ತು ನಿಮಿಷ ಕಾಯಬೇಕು. ಆರೋಗ್ಯವಾದ ಸ್ನಾಯುವಿನಿಂದ ಅದು ಬೇಗ ತೊಳೆದುಹೋಗುತ್ತದೆ, ಸತ್ತ ಸ್ನಾಯುವಿನ ಗಾಯದ ಕಲೆಯಲ್ಲಿ ಉಳಿದು ಬೆಳ್ಳಗೆ ಕಾಣುತ್ತದೆ. ಒಳ್ಳೆಯ ಸ್ನಾಯು ಪೂರ್ತಿ ಕಪ್ಪಾಗುವ ಹಾಗೆ ಇನ್ವರ್ಷನ್ ಟೈಮ್ (ರೇಡಿಯೋ ಮಿಡಿತ ಕೊಟ್ಟ ಮೇಲೆ ಚಿತ್ರ ತೆಗೆಯುವವರೆಗೆ ಕಾಯುವ ಹೊತ್ತು) ಹಿಡಿಯುವುದೇ ನಮ್ಮ ಕೈಚಳಕ. ನಮ್ಮ 1.5 ಟೆಸ್ಲಾ ಕಾಂತಬಲದ ಯಂತ್ರದಲ್ಲಿ ಅದು ಸುಮಾರು 300 ಮಿಲಿಸೆಕೆಂಡಿನ ಆಸುಪಾಸು. ಆದರೆ ಔಷಧ ತೊಳೆದುಹೋಗುತ್ತಿದ್ದಂತೆ ಆ ಸಂಖ್ಯೆಯನ್ನೂ ಏರಿಸುತ್ತಾ ಹೋಗಬೇಕು. ಮೊದಲ ವರ್ಷ ನಾನು ಒಮ್ಮೆ ಇಟ್ಟ ಸಂಖ್ಯೆಯನ್ನೇ ಕೊನೆಯವರೆಗೂ ಬಿಟ್ಟಿದ್ದೆ. ಕೊನೆಯ ಚಿತ್ರಗಳಲ್ಲಿ ಒಳ್ಳೆಯ ಸ್ನಾಯುವೂ ಬೂದುಬಣ್ಣಕ್ಕೆ ತಿರುಗಿತ್ತು. ಸತ್ತದ್ದು ಯಾವುದು, ಬದುಕಿದ್ದು ಯಾವುದು ಎಂದು ಯಾರೂ ಹೇಳುವಂತಿರಲಿಲ್ಲ. ಆ ರೋಗಿಯನ್ನು ಮತ್ತೆ ಕರೆಸಬೇಕಾಯಿತು. ಅವತ್ತಿನಿಂದ ನಡುವೆ ಇನ್ನೊಮ್ಮೆ ಅಳೆಯದೆ ನಾನು ಮುಂದೆ ಹೋಗುವುದಿಲ್ಲ.

ಯಜಮಾನರ ಚಿತ್ರದಲ್ಲಿ ಕಪ್ಪು ಗೋಡೆಯ ಒಳಅಂಚಿಗೆ ಮಾತ್ರ ತೆಳ್ಳಗೆ ಒಂದು ಬಿಳಿ ಗೆರೆ, ದಪ್ಪದ ಕಾಲುಭಾಗವೂ ಇಲ್ಲ. ರಕ್ತ ನಿಂತಾಗ ಮೊದಲು ಸಾಯುವುದು ಒಳಪದರವೇ. ಕಲೆ ಎಷ್ಟು ದಪ್ಪವೋ ಅದರ ಮೇಲೆ ಚೇತರಿಕೆ ನಿಂತಿದೆ ಎಂದು 2000ದಲ್ಲಿ ರೇಮಂಡ್ ಕಿಮ್ ಮತ್ತು ಸಂಗಡಿಗರು ಎಂಆರ್‌ಐ ಅಧ್ಯಯನದಲ್ಲಿ ತೋರಿಸಿದ್ದರು: ಕಲೆ ಮುಕ್ಕಾಲು ದಪ್ಪ ಮೀರಿದ್ದ ಗೋಡೆಯ 58 ಭಾಗಗಳಲ್ಲಿ ರಕ್ತಸಂಚಾರ ಸರಿಪಡಿಸಿದ ಮೇಲೆ ಚೇತರಿಸಿದ್ದು ಒಂದೇ ಒಂದು, ಕಲೆಯೇ ಇಲ್ಲದ ಭಾಗಗಳಲ್ಲಿ ನೂರಕ್ಕೆ 78. ಕಲೆ ತೆಳುವಾದಷ್ಟೂ ಆಸೆ ಹೆಚ್ಚು.

ಎದೆಗೆ ಅಂಟಿಸಿದ್ದ ಇಸಿಜಿ ಪಟ್ಟಿ ಬಿಡಿಸುವಾಗ, "ಏನಾರ ಉಳ್ಕಂಡೈತಾ ತಾಯಿ?" ಎಂದು ಮೆಲ್ಲಗೆ ಕೇಳಿದರು. ರಿಪೋರ್ಟ್ ಹೇಳುವುದು ಡಾಕ್ಟರ ಕೆಲಸ. "ಫೋಟೋ ಬಾಳ ಚೆನ್ನಾಗಿ ಬಂದವೆ ಯಜಮಾನ್ರೇ, ಉಸಿರು ಚೆನ್ನಾಗಿ ಹಿಡಿದ್ರಿ," ಎಂದಷ್ಟೇ ಹೇಳಿ, ಅವರು ಎದ್ದು ಕೂರಲು ಕೈಕೊಟ್ಟೆ.