ಎರಡು ಸಲ ಎಣ್ಣೆಗಿಳಿದ ಬಜ್ಜಿ

ನಾಲ್ಕು ಹನಿ ಮಳೆ ಬಿದ್ದರೆ ಸಾಕು, ನಮ್ಮ ಮನೆಯಲ್ಲಿ ಬಜ್ಜಿಯ ಮಾತು ಏಳುತ್ತೆ. ಆದರೆ ನನ್ನ ಮೆಣಸಿನಕಾಯಿ ಬಜ್ಜಿ ಬಾಣಲೆಯಲ್ಲಿ ಗರಿಗರಿ, ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗೆ. ಸೋಡ ಸಾಲದೇನೋ ಅಂತ ಒಮ್ಮೆ ಅರ್ಧ ಚಮಚ ಸುರಿದೆ. ಉಬ್ಬಿತು ನಿಜ, ಜೊತೆಗೆ ಎಣ್ಣೆಯನ್ನೂ ಗಟಗಟ ಕುಡಿಯಿತು. ಅತ್ತೆ ಒಂದನ್ನು ಹಿಂಡಿ, "ನಾಳೆ ಒಗ್ಗರಣೆಗೆ ಬೇರೆ ಎಣ್ಣೆ ಬೇಡ ಕಣಮ್ಮ" ಅಂದರು.

ಗುಟ್ಟು ಸಿಕ್ಕಿದ್ದು ಬೆಂಗಳೂರಿನ ವಿ.ವಿ.ಪುರಂ ತಿಂಡಿ ಬೀದಿಯಲ್ಲಿ. ಸಜ್ಜನ್ ರಾವ್ ವೃತ್ತದ ಹತ್ತಿರ ಒಂದು ಬಜ್ಜಿ ಅಂಗಡಿ ಮುಂದೆ, ತಿನ್ನುವುದು ಬಿಟ್ಟು ನೋಡುತ್ತ ನಿಂತೆ. ಅರೆಬೆಂದ ಬಜ್ಜಿ ಗುಡ್ಡೆ ಹಾಕಿತ್ತು. ಗಿರಾಕಿ ಕೇಳಿದಾಗ ಅವನ್ನೇ ಮತ್ತೆ ಕಾದೆಣ್ಣೆಗೆ ಬಿಡುತ್ತಿದ್ದರು. ಅಷ್ಟು ದಿನ ನಾನದನ್ನು ಆರಿದ್ದನ್ನು ಬಿಸಿ ಮಾಡಿ ದಾಟಿಸುವ ಉಪಾಯ ಅಂದುಕೊಂಡಿದ್ದೆ.

"ಯಾಕಣ್ಣ ಎರಡೆರಡು ಸಲ?"

"ಕಾಯಲ್ಲಿ ನೀರಿರತ್ತಲ್ಲಕ್ಕ, ಒಂದ್ಸಲಕ್ಕೆ ಹೋಗಲ್ಲ."

ಅಷ್ಟೇ. ಮೊದಲ ಸಲ ಹಿಟ್ಟು ಬೇಯುತ್ತೆ, ಆರುವಾಗ ಒಳಗಿನ ತೇವ ಹೊರಪದರಕ್ಕೆ ಬರುತ್ತೆ, ಎರಡನೇ ಸಲ ಅದು ಆವಿಯಾಗಿ ಹೋಗುತ್ತೆ.

ಈಗ ನನ್ನ ಅಳತೆ: 1 ಲೋಟ ಕಡಲೆಹಿಟ್ಟಿಗೆ 2 ದೊಡ್ಡ ಚಮಚ ಅಕ್ಕಿಹಿಟ್ಟು, ಉಪ್ಪು, ಅಚ್ಚಖಾರದ ಪುಡಿ, ಅಂಗೈಯಲ್ಲಿ ತಿಕ್ಕಿದ ಓಂಕಾಳು, ಸೋಡ ಒಂದೇ ಚಿಟಿಕೆ. 1 ಚಮಚ ಕಾದ ಎಣ್ಣೆ ಹಾಕಿದಾಗ ಚುಂಯ್ ಅನ್ನಬೇಕು. ನೀರು ಸ್ವಲ್ಪ ಸ್ವಲ್ಪವೇ ಹಾಕಬೇಕು, ಅದ್ದಿ ಎತ್ತಿದ ಕಾಯಿ ಹಿಟ್ಟಿನ ಹೊದಿಕೆಯೊಳಗೆ ಪೂರ್ತಿ ಮರೆಯಾಗಬೇಕು. ತಿಳಿ ಹಸಿರಿನ ಉದ್ದನೆಯ ಬಜ್ಜಿ ಮೆಣಸಿನಕಾಯಿಯನ್ನೇ ತರುತ್ತೇನೆ. ತೊಳೆದು, ಬಟ್ಟೆಯಲ್ಲಿ ಒರೆಸಿ, ಉದ್ದಕ್ಕೆ ಸೀಳುತ್ತೇನೆ. ಒರೆಸದ ಕಾಯಿಗೆ ಹಿಟ್ಟು ಹಿಡಿಯಲ್ಲ, ಜಾರಿ ಬಾಣಲೆಯ ತಳ ಸೇರುತ್ತೆ.

ಎಣ್ಣೆಯ ಬಿಸಿ ನೋಡಲು ಥರ್ಮಾಮೀಟರ್ ತಂದೆ. "ಬಜ್ಜಿಗೂ ಜ್ವರ ನೋಡ್ತೀಯಾ?" ಅಂತ ಅತ್ತೆ ನಕ್ಕರು. ಮೊದಲ ಸುತ್ತಿಗೆ 160 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಬಣ್ಣ ತಿರುಗುವ ಮೊದಲೇ ತೆಗೆದು 10 ನಿಮಿಷ ಆರಬಿಡುತ್ತೇನೆ. ಎರಡನೆಯದಕ್ಕೆ 180, ಒಂದೇ ನಿಮಿಷ. ಅತ್ತೆಯ ಲೆಕ್ಕದಲ್ಲಿ ಒಂದು ತೊಟ್ಟು ಹಿಟ್ಟು ಬಿಟ್ಟಾಗ ನಿಧಾನಕ್ಕೆ ಮೇಲೆದ್ದರೆ ಮೊದಲ ಸುತ್ತು, ಬಿದ್ದ ತಕ್ಷಣ ಚಿಮ್ಮಿದರೆ ಎರಡನೆಯದು. ಎರಡೂ ಲೆಕ್ಕ ಸೇರುತ್ತೆ ಅನ್ನುವುದು ನನಗೆ ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ. ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ಬಿಡಲ್ಲ, ಎಣ್ಣೆ ತಣ್ಣಗಾಗುತ್ತೆ.

ಇಷ್ಟಾದರೂ ಕಳೆದ ದೀಪಾವಳಿಗೆ ನೆಂಟರ ಮುಂದೆ ಮಾನ ಹೋಯಿತು. ಬಿಸಿಯಾಗಿರಲಿ ಅಂತ ಬಜ್ಜಿಯನ್ನೆಲ್ಲ ಹಾಟ್‌ಬಾಕ್ಸಿಗೆ ತುಂಬಿ ಮುಚ್ಚಿಟ್ಟಿದ್ದೆ. ತೆರೆದಾಗ ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತಿತ್ತು, ಒಳಗೆ ಇಡ್ಲಿಯಂಥ ಬಜ್ಜಿ. ಈಗ ಹಿಟ್ಟಿನ ಜರಡಿಯನ್ನು ಬೋರಲು ಹಾಕಿ ಅದರ ಮೇಲೆ ಹರಡುತ್ತೇನೆ, ಕೆಳಗಿನಿಂದಲೂ ಗಾಳಿಯಾಡುತ್ತೆ. ನೆಂಟರು ಬಂದು ಕೂತ ಮೇಲೆಯೇ ಎರಡನೇ ಸುತ್ತು.

ಮಿಕ್ಕ ಹಿಟ್ಟಿಗೆ ಆಲೂಗಡ್ಡೆ, ಹೀರೆಕಾಯಿ ಬಿಲ್ಲೆಗಳು. ಬ್ರೆಡ್ ಬಜ್ಜಿ ಮಾತ್ರ ಇನ್ನೂ ಬಗ್ಗಿಲ್ಲ, ಎರಡು ಸಲ ಕರಿದರೆ ಎರಡು ಪಾಲು ಎಣ್ಣೆ ಕುಡಿಯುತ್ತೆ. ಅದಕ್ಕೆ ಇನ್ನೊಂದು ಸಂಜೆ ವಿ.ವಿ.ಪುರಂಗೆ ಹೋಗಿ ನಿಲ್ಲಬೇಕು.