ಹಳೆ ಹೋಟೆಲ್ ಕಟ್ಟಡ ಎಲ್ಲಿ ಶಿಥಿಲವಾಗುತ್ತಿದೆ ಅಂತ ನೋಡುವುದು ಹೇಗೆ?

ಮುಂಬೈಗೆ ಹೋದರೆ ಕಾಲಾ ಘೋಡಾದ ವಾಟ್ಸನ್ ಹೋಟೆಲಿನ ಎದುರು ಅರ್ಧ ಗಂಟೆ ನಿಲ್ಲಿ. ಈಗ ಅದರ ಹೆಸರು ಎಸ್‌ಪ್ಲನೇಡ್ ಮ್ಯಾನ್ಷನ್. ಕಬ್ಬಿಣದ ಕಂಬ, ತೊಲೆಗಳನ್ನೆಲ್ಲ ಇಂಗ್ಲೆಂಡಿನಲ್ಲಿ ತಯಾರಿಸಿ, ಹಡಗಿನಲ್ಲಿ ತಂದು, 1860ರ ದಶಕದಲ್ಲಿ ಇಲ್ಲಿ ಜೋಡಿಸಿ ನಿಲ್ಲಿಸಿದ ಕಟ್ಟಡ ಇದು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲು ತೋರಿಸಿದ್ದೂ ಇಲ್ಲೇ. ಇಂಥ ಕಟ್ಟಡದ ಮುಂಭಾಗದ ಒಂದು ತುಂಡು 2005ರಲ್ಲಿ ಕುಸಿದು ಬಿತ್ತು. 2019ರಲ್ಲಿ ಒಳಗಿದ್ದವರನ್ನೆಲ್ಲ ಖಾಲಿ ಮಾಡಿಸಿದರು. ನನಗೆ ಇದು ನಿಜವಾಗಿ ನೋವಿನ ವಿಷಯ.

ಬಾಲ್ಕನಿ ಕೆಳಗೆ ಮಾತ್ರ ನಿಲ್ಲಬೇಡಿ, ರಸ್ತೆಯ ಆಚೆ ಬದಿಯಿಂದ ನೋಡಿ. ಮೊಬೈಲಿನಲ್ಲಿ ಅದರ ಹಳೆ ಫೋಟೋ ಒಂದನ್ನು ತೆರೆದಿಟ್ಟುಕೊಳ್ಳಿ. ಆಗ ತೆರೆದಿದ್ದ ಬಾಲ್ಕನಿಗಳು ಆಮೇಲೆ ಹೇಗೆ ಮುಚ್ಚಿಹೋದವು ಅನ್ನುವುದು ಗೊತ್ತಾಗುತ್ತದೆ. ಹೋಟೆಲ್ ಮುಚ್ಚಿದ ಮೇಲೆ ಕೋಣೆಗಳನ್ನು ತುಂಡು ಮಾಡಿ ಮನೆ, ಆಫೀಸು, ವಕೀಲರ ಕಚೇರಿ ಅಂತ ಬಾಡಿಗೆಗೆ ಕೊಟ್ಟರು. ಬಾಡಿಗೆ ಕಾನೂನಿನಿಂದಾಗಿ ಮುಂಬೈಯ ಇಂಥ ಎಷ್ಟೋ ಹಳೆ ಕಟ್ಟಡಗಳಲ್ಲಿ ಬಾಡಿಗೆ ಏರಲೇ ಇಲ್ಲ. ಬರುವ ದುಡ್ಡಿನಲ್ಲಿ ರಿಪೇರಿ ಆಗುವುದಿಲ್ಲ ಅಂತ ಮಾಲೀಕರು, ನಮ್ಮದಲ್ಲದ ಕಟ್ಟಡಕ್ಕೆ ನಾವ್ಯಾಕೆ ಖರ್ಚು ಮಾಡಬೇಕು ಅಂತ ಬಾಡಿಗೆದಾರರು. ಮಧ್ಯೆ ಸೋರುತ್ತಲೇ ಇರುತ್ತದೆ.

ನಿಮ್ಮೂರಿನ ಹಳೆ ಹೋಟೆಲಿಗೂ ಇದೇ ದಾರಿ ಹಿಡಿಯಿರಿ. ಮೊದಲು ನೀರನ್ನು ಹುಡುಕಿ. ಒಡೆದ ಮಳೆನೀರಿನ ಪೈಪು, ಅದರ ಪಕ್ಕದ ಕಪ್ಪು ಪಾಚಿ, ಸಂದಿಯಲ್ಲಿ ಬೇರು ಬಿಟ್ಟ ಅರಳಿ ಗಿಡ, ಇವು ಕಂಡಲ್ಲೇ ಒಳಗೂ ತೇವ ಇರುತ್ತದೆ. ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿ ಸುತ್ತಲಿನ ಇಟ್ಟಿಗೆಯನ್ನು ಹೊರಗೆ ತಳ್ಳುತ್ತದೆ, ಅದಕ್ಕೇ ಕಂಬದ ಉದ್ದಕ್ಕೂ ಬಿರುಕು ಬಿಡುವುದು. ಎರಕದ ಕಬ್ಬಿಣ ಭಾರ ಹೊರುತ್ತದೆ, ಆದರೆ ಬಾಗಿ ಮುನ್ಸೂಚನೆ ಕೊಡದೆ ಪಟ್ಟನೆ ಮುರಿಯಬಹುದು. ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಬಳಿದಿದ್ದರೆ ಅದನ್ನೂ ಬರೆದುಕೊಳ್ಳಿ, ತೇವ ಹೊರಬರಲು ದಾರಿ ಸಿಗದೆ ಗೋಡೆ ಒಳಗೇ ಹಾಳಾಗುತ್ತದೆ.

ಮಳೆಗಾಲದ ಮೊದಲು ಒಮ್ಮೆ, ಆಮೇಲೆ ಒಮ್ಮೆ, ಅದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ. ನಗರಸಭೆಗೆ ಅರ್ಜಿ ಕೊಡುವಾಗ ಸುಮ್ನೆ ‘ಕಟ್ಟಡ ಹಾಳಾಗಿದೆ’ ಅಂತ ಬರೆಯಬೇಡಿ. ‘ಮೂರನೇ ಮಹಡಿ, ಎಡ ಮೂಲೆ, ಪೈಪಿನ ಪಕ್ಕ’ ಅಂತ ಬರೆದು, ಎರಡೂ ಫೋಟೋ ಲಗತ್ತಿಸಿ.

ಕೆಡವಲೇಬೇಕು ಅಂತ ಒಂದು ವರದಿ ಬಂದರೆ ಅಲ್ಲಿಗೇ ಬಿಡಬೇಡಿ. ವಾಟ್ಸನ್ ವಿಷಯದಲ್ಲಿ 2019ರಲ್ಲಿ ಐಐಟಿ ಬಾಂಬೆ ವರದಿ ಕೆಡವಲು ಹೇಳಿತ್ತು, ಉಳಿಸಬಹುದು ಅಂದ ಸಂರಕ್ಷಣಾ ತಜ್ಞರೂ ಇದ್ದರು. ಹಳೆ ಕಬ್ಬಿಣ, ಸುಣ್ಣದ ಕೆಲಸ ಗೊತ್ತಿರುವ ಎಂಜಿನಿಯರ್ ಒಬ್ಬರಿಂದ ಎರಡನೇ ವರದಿ ಮಾಡಿಸಿ ಅಂತ ಅದೇ ಅರ್ಜಿಯಲ್ಲಿ ಕೇಳಿ.