ಯಾರ ಬಾಗಿಲು ಯಾರು ತಟ್ಟಬೇಕು?

ನೆರೆಗೆ ತಯಾರಿ ಮಾಡಿಕೊಳ್ಳೋಣ ಅಂತ ಸಭೆ ಕರೆದರೆ ಮೊದಲು ಬರುವ ಪ್ರಶ್ನೆ ಸಾಮಾನಿನದು. ಹಗ್ಗ ಎಷ್ಟು ಬೇಕು, ಟಾರ್ಚ್ ಎಷ್ಟು ಬೇಕು, ಲೈಫ್ ಜಾಕೆಟ್ ಯಾರು ಕೊಡ್ತಾರೆ? ನಾನು ಆ ಮಾತನ್ನು ಕೊನೆಗೆ ಇಡುತ್ತೇನೆ. ತಗ್ಗಿನ ಬಡಾವಣೆಗಳಲ್ಲಿ ಸ್ವಯಂಸೇವಕರ ತಂಡ ಕಟ್ಟುವುದು ನನ್ನ ಕೆಲಸ. ಎಲ್ಲಿ ಹೋದರೂ ಮೊದಲು ಮಾಡುವುದು ಒಂದು ಪಟ್ಟಿ. ನೀರು ಏರಿದಾಗ ಯಾರ ಬಾಗಿಲನ್ನು ಯಾರು ತಟ್ಟಬೇಕು ಅನ್ನುವ ಪಟ್ಟಿ.

ಇದಕ್ಕೆ ಕಾರಣ ಇದೆ. 1995ರ ಜನವರಿಯಲ್ಲಿ ಜಪಾನಿನ ಕೋಬೆ ಸುತ್ತಮುತ್ತ ಭೂಕಂಪವಾಗಿ 6,400ಕ್ಕೂ ಹೆಚ್ಚು ಜನ ಸತ್ತರು. ಕುಸಿದ ಮನೆಗಳಡಿ ಸಿಕ್ಕಿ ಬದುಕಿ ಉಳಿದವರಲ್ಲಿ ಬಹುಪಾಲು ಜನರನ್ನು ಹೊರಗೆ ಎಳೆದವರು ಮನೆಯವರು, ಇಲ್ಲವೇ ಅಕ್ಕಪಕ್ಕದವರು. ಅಲ್ಲೇ ಹತ್ತಿರ, ಆವಾಜಿ ದ್ವೀಪದ ಹೊಕುದಾನ್ ಅನ್ನುವ ಊರಿನಲ್ಲಿ, ಯಾರ ಮನೆಯಲ್ಲಿ ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ ಅನ್ನುವುದು ಊರಿನ ಅಗ್ನಿಶಾಮಕ ಸ್ವಯಂಸೇವಕರಿಗೆ ಗೊತ್ತಿತ್ತು. ಎಲ್ಲಿ ಅಗೆಯಬೇಕು ಅಂತ ಹುಡುಕಾಡಬೇಕಾಗಲಿಲ್ಲ. ಕೆಲಸ ಅದೇ ದಿನ ಮುಗಿಯಿತು. ನಮ್ಮ ಪಟ್ಟಿಯಲ್ಲಿ ‘ಮಲಗುವ ಜಾಗ’ ಅಂತ ಒಂದು ಕಾಲಂ ಇರುವುದು ಅದಕ್ಕೇ.

ಪಟ್ಟಿ ಮಾಡುವುದು ಕೂತಲ್ಲೇ ಆಗುವ ಕೆಲಸವಲ್ಲ. ಬೀದಿ ಬೀದಿ ನಡೆಯಬೇಕು. ಹಿರಿಯರನ್ನು ಕರೆದುಕೊಂಡು ಹೋದರೆ ಹಿಂದಿನ ನೆರೆ ಯಾವ ಗೋಡೆಯ ಎಷ್ಟು ಎತ್ತರಕ್ಕೆ ಬಂದಿತ್ತು ಅಂತ ಕೈಯಿಟ್ಟು ತೋರಿಸುತ್ತಾರೆ. ಮಕ್ಕಳಿಗೆ ಇನ್ನೊಂದು ಬಗೆಯ ಜ್ಞಾನ. ಯಾವ ಕಾಂಪೌಂಡಿನಲ್ಲಿ ನುಸುಳುವ ಸಂದಿ ಇದೆ, ಯಾವ ಚರಂಡಿಯ ಚಪ್ಪಡಿ ಒಡೆದಿದೆ ಅನ್ನುವುದು ಅವರಿಗೇ ಜಾಸ್ತಿ ಗೊತ್ತು. ನೀರು ಹರಿಯುವಾಗ ಒಡೆದ ಚಪ್ಪಡಿ ಕಾಣಿಸುವುದಿಲ್ಲ, ಕಾಲು ನೇರ ಒಳಗೆ ಹೋಗುತ್ತದೆ. ಹಾಗಾಗಿ ನಕ್ಷೆಯಲ್ಲಿ ಅದಕ್ಕೆ ಕೆಂಪು ಗುರುತು. ಹೆಂಗಸರ ಜೊತೆ ಬೇರೆಯಾಗಿಯೇ ಕೂರುತ್ತೇನೆ. ಎಲ್ಲರೂ ಸೇರಿದ ಸಭೆಯಲ್ಲಿ ಬಾಯಿಗೆ ಬಾರದ ಮಾತುಗಳು ಅಲ್ಲಿ ಬರುತ್ತವೆ. ಆಶ್ರಯ ಕೇಂದ್ರದ ಶೌಚಾಲಯಕ್ಕೆ ಬಾಗಿಲೇ ಇಲ್ಲ, ಅಲ್ಲಿಗೆ ಹೇಗೆ ಬರುವುದು ಅನ್ನುವಂಥ ಮಾತು.

ಅದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. 1991ರ ಚಂಡಮಾರುತದಲ್ಲಿ ಬಾಂಗ್ಲಾದೇಶದಲ್ಲಿ ಸುಮಾರು 1.4 ಲಕ್ಷ ಜನ ಸತ್ತರು. ಸತ್ತವರಲ್ಲಿ ಗಂಡಸರಿಗಿಂತ ಹೆಂಗಸರು ಎಷ್ಟೋ ಜಾಸ್ತಿ. ಕೇಂದ್ರಗಳಲ್ಲಿ ಮರೆ ಇರಲಿಲ್ಲ, ಮನೆ ಬಿಡಲು ಗಂಡಸರ ಒಪ್ಪಿಗೆ ಬೇಕಿತ್ತು, ಮಕ್ಕಳನ್ನು ಎತ್ತಿಕೊಂಡು ಓಡಬೇಕಿತ್ತು. ಅಲ್ಲಿ 1972ರಿಂದಲೇ ಚಂಡಮಾರುತಕ್ಕೆ ಸ್ವಯಂಸೇವಕರ ಪಡೆ ಇದೆ. ಈಗ ಅದರಲ್ಲಿ ಸುಮಾರು ಅರ್ಧದಷ್ಟು ಹೆಂಗಸರು. ರಾತ್ರಿ ಹೊತ್ತು ಬಾಗಿಲು ತಟ್ಟುವವಳು ಗುರುತಿನ ಅಕ್ಕ ಆದರೆ ಒಳಗಿರುವ ಹೆಂಗಸು ಹೊರಡುವುದು ಬೇಗ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪ್ರತಿ ಸ್ವಯಂಸೇವಕರಿಗೆ ಕೆಲವೇ ಮನೆ ಹಂಚುತ್ತೇವೆ. ಪ್ರತಿ ಮನೆಗೂ ಇಬ್ಬರ ಹೆಸರು ಇರಬೇಕು. ಮೊದಲನೆಯವರು ಊರಲ್ಲಿ ಇಲ್ಲದಿದ್ದರೆ ಎರಡನೆಯವರು ಹೋಗಬೇಕು. ಹಗಲಿಗೆ ಒಂದು ಪಟ್ಟಿ, ರಾತ್ರಿಗೆ ಇನ್ನೊಂದು. ಹಗಲು ಕೆಲಸಕ್ಕೆ ಹೋದವರನ್ನು ನಂಬಿ ಕೂತರೆ ಮನೆಯಲ್ಲಿರುವ ಅಜ್ಜಿಯನ್ನು ಎತ್ತುವವರು ಯಾರು? ನಡೆಯಲಾಗದವರು, ಕಿವಿ ಕೇಳದವರು, ಬಸುರಿಯರು, ಇನ್ಸುಲಿನ್ ತೆಗೆದುಕೊಳ್ಳುವವರು, ಡಯಾಲಿಸಿಸ್‌ಗೆ ಹೋಗುವವರು, ಕರೆಂಟಿನಿಂದ ನಡೆಯುವ ಆಕ್ಸಿಜನ್ ಯಂತ್ರ ಇಟ್ಟುಕೊಂಡವರು, ಇಷ್ಟು ಬರೆದುಕೊಳ್ಳುತ್ತೇವೆ. ಇದು ಅವರ ಖಾಸಗಿ ವಿಷಯ. ಹಾಗಾಗಿ ಪಟ್ಟಿ ಕಾಗದದಲ್ಲೇ ಇರುತ್ತದೆ. ವಾಟ್ಸಾಪ್ ಗುಂಪಿಗೆ ಹಾಕುವಂತಿಲ್ಲ. ಮೊಬೈಲ್ ಸತ್ತಾಗಲೂ ಕಾಗದ ಓದಬಹುದು ಅನ್ನುವುದು ಇನ್ನೊಂದು ಲಾಭ.

ಇನ್ನು ಯಾವಾಗ ಹೊರಡಬೇಕು? ಇದು ನೀರು ಬಂದ ಮೇಲೆ ಚರ್ಚೆ ಮಾಡುವ ವಿಷಯವಲ್ಲ. ಕಾಲುವೆ ಪಕ್ಕದ ಕಂಬಕ್ಕೆ ಬಣ್ಣದ ಪಟ್ಟಿ ಬಳಿಯುತ್ತೇವೆ. ಹಳದಿ ಮುಟ್ಟಿದರೆ ಸ್ವಯಂಸೇವಕರು ಎದ್ದು ಕೂರಬೇಕು. ಕಿತ್ತಳೆ ಮುಟ್ಟಿದರೆ ನಡೆಯಲಾಗದವರನ್ನು ಸಾಗಿಸಬೇಕು. ಕೆಂಪಿಗೆ ಬರುವಷ್ಟರಲ್ಲಿ ಬೀದಿ ಖಾಲಿ ಆಗಿರಬೇಕು. ‘ಇನ್ನೂ ಮೊಣಕಾಲಿಗೂ ಬಂದಿಲ್ಲ’ ಅಂತ ಎಲ್ಲ ಸಭೆಯಲ್ಲೂ ಒಬ್ಬರು ಹೇಳೇ ಹೇಳುತ್ತಾರೆ. ರಭಸವಾಗಿ ಹರಿಯುವ ನೀರು ಬರೀ 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಬೀಳಿಸಬಹುದು, 30 ಸೆಂಟಿಮೀಟರ್ ಇದ್ದರೆ ಸಣ್ಣ ಕಾರನ್ನು ತೇಲಿಸಬಹುದು. ಕಂಬದ ಗುರುತುಗಳನ್ನು ಅಷ್ಟು ಕೆಳಗೆ ಹಾಕುವುದು ಈ ಲೆಕ್ಕದಿಂದ.

ಅಣಕು ಕಾರ್ಯಾಚರಣೆಯನ್ನು ಭಾನುವಾರ ಬೆಳಗ್ಗೆ, ಫೋಟೋ ತೆಗೆಯುವವರ ಮುಂದೆ ಮಾಡುವುದರಲ್ಲಿ ನನಗೆ ನಂಬಿಕೆ ಇಲ್ಲ. ಕತ್ತಲಲ್ಲಿ, ದೀಪ ಆರಿಸಿ ಮಾಡಿ ನೋಡಿ. ಆಗ ನಿಜವಾದ ತೊಡಕು ಹೊರಬರುತ್ತದೆ. ಆಶ್ರಯ ಅಂತ ಗುರುತಿಸಿದ ಕಟ್ಟಡದ ಬೀಗದ ಕೈ ಬೇರೆ ಬಡಾವಣೆಯಲ್ಲಿರುವವರ ಹತ್ತಿರ ಇರುತ್ತದೆ. ವೀಲ್‌ಚೇರ್ ಮೆಟ್ಟಿಲು ಹತ್ತುವುದಿಲ್ಲ. ಮೈಕಿನ ದನಿ ಹಿಂದಿನ ಬೀದಿಗೆ ಕೇಳುವುದಿಲ್ಲ. ಬೀಗದ ಕೈ ಈಗ ಮೂರು ಮನೆಗಳಲ್ಲಿ ಇಡಿಸುತ್ತೇವೆ, ವೀಲ್‌ಚೇರ್ ಬದಲು ಗಟ್ಟಿ ಬೆಡ್‌ಶೀಟಿನಲ್ಲಿ ನಾಲ್ಕು ಜನ ಎತ್ತುವುದನ್ನು ಕಲಿಸುತ್ತೇವೆ.

ಎಷ್ಟು ಹೇಳಿದರೂ ಕೆಲವರು ಹೊರಡುವುದಿಲ್ಲ. ಅವರನ್ನು ಹಟಮಾರಿಗಳು ಅಂತ ಬೈದು ಪ್ರಯೋಜನ ಇಲ್ಲ. ಒಬ್ಬರಿಗೆ ಕಳ್ಳರ ಭಯ, ಇನ್ನೊಬ್ಬರಿಗೆ ದನಕರುಗಳ ಚಿಂತೆ, ಮತ್ತೊಬ್ಬರಿಗೆ ಮನೆ ಪತ್ರ ನೆನೆದು ಹೋಗುತ್ತದೆ ಅನ್ನುವ ಆತಂಕ. ಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದನ್ನು ಮಳೆಗಾಲಕ್ಕೆ ಮುಂಚೆಯೇ ಮನೆ ಮನೆಗೆ ಹೋಗಿ ಮಾಡಿಸುತ್ತೇವೆ. ದನಗಳಿಗೆ ಎತ್ತರದ ಜಾಗ ಮೊದಲೇ ಗೊತ್ತುಮಾಡುತ್ತೇವೆ. ಬಾಂಗ್ಲಾದೇಶದಲ್ಲಿ ಇದಕ್ಕೆಂದೇ ಮಣ್ಣಿನ ದಿಬ್ಬಗಳನ್ನು ಕಟ್ಟಿದ್ದಾರೆ. ಬೀದಿಯ ಎರಡೂ ತುದಿಗೆ ಯಾರು ಕಾವಲು ಅನ್ನುವುದನ್ನೂ ಹೆಸರಿಟ್ಟು ಹೇಳುತ್ತೇವೆ, ಅದೂ ನೀರು ಬಾರದ ಜಾಗದಲ್ಲಿ ನಿಂತು.

ಸಾಮಾನು ಕೊನೆಗೆ ಅಂದೆನಲ್ಲ, ಅದು ಜಾಸ್ತಿ ಏನಿಲ್ಲ. ಪ್ರತಿ ಗುಂಪಿಗೆ ಟಾರ್ಚ್, ಸೀಟಿ, ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬ್ಯಾಟರಿ ರೇಡಿಯೋ. ಕುಡಿಯಲು, ಅಡುಗೆಗೆ ಅಂತ ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ನೀರು.

ಪಟ್ಟಿಯ ದೊಡ್ಡ ಶತ್ರು ಬಾಡಿಗೆ ಮನೆ. ಜನ ಬದಲಾಗುತ್ತಾರೆ, ಹೆಸರು ಹಳೆಯದೇ ಉಳಿಯುತ್ತದೆ. ಮನೆ ಖಾಲಿ ಆದರೆ ಎರಡನೇ ಸ್ವಯಂಸೇವಕರು ಆ ವಾರದಲ್ಲೇ ತಿದ್ದಬೇಕು ಅಂತ ನಿಯಮ ಮಾಡಿದ್ದೇವೆ. ಮಳೆಗಾಲಕ್ಕೆ ಒಂದು ತಿಂಗಳು ಮುಂಚೆ ಇಬ್ಬರೂ ಜೊತೆಯಾಗಿ ಮತ್ತೊಂದು ಸುತ್ತು ಹೋಗುತ್ತಾರೆ. ಫೋನ್ ಮಾಡಿ ಕೇಳಿದರೆ ಲೆಕ್ಕಕ್ಕಿಲ್ಲ, ಬಾಗಿಲು ತಟ್ಟಿಯೇ ಕೇಳಬೇಕು.